ಕೂಗಿನ ಗುಡ್ಡ

ಇಂಗ್ಲಿಷ್ ನಕ್ಷೆಯಲ್ಲಿ ಆ ಶಿಖರದ ಹೆಸರು ‘ಕೂಗನ್ ಹಿಲ್’ ಎಂದಿತ್ತು. ಅದನ್ನು ಕನ್ನಡದಲ್ಲಿ ಏನೆಂದು ಬರೆಯಬೇಕು ಎಂದು ವಿಚಾರಿಸಿ ತಿಳಿಸುವುದು ನನ್ನ ಪಾಲಿಗೆ ಬಂದ ಕೆಲಸ. ಮೊದಲ ಸಲ ನಾನು ತಪ್ಪು ಬರೆದೆ. ಬರೆದು ಸಹಿಯನ್ನೂ ಹಾಕಿದೆ. ಆ ತಪ್ಪು ಅಚ್ಚಾಗದೆ ಉಳಿದದ್ದು ನನ್ನ ಜಾಣತನದಿಂದಲ್ಲ, ನನಗೆ ಅಲ್ಲಿಯವರೆಗೆ ಗೊತ್ತೇ ಇರದ ಕೆಲವರಿಂದ.

ಹೊಸಪೇಟೆಯಲ್ಲಿರುವ ನಮ್ಮ ಭೂಮಾಪನ ಕಚೇರಿಗೆ ಆ ಮಳೆಗಾಲದಲ್ಲಿ ಕನ್ನಡ ನಕ್ಷೆಯ ಕೆಲಸ ಬಂದಿತ್ತು. ಹಳೆಯ ಇಂಗ್ಲಿಷ್ ಹಾಳೆಗಳಲ್ಲಿರುವ ಊರು, ಹಳ್ಳ, ಕೆರೆ, ಗುಡ್ಡಗಳ ಹೆಸರನ್ನು ಸ್ಥಳಕ್ಕೇ ಹೋಗಿ ಕೇಳಿ, ಜನ ಆಡುವಂತೆ ಕನ್ನಡ ಅಕ್ಷರದಲ್ಲಿ ಬರೆದು ಕೊಡಬೇಕು. ಪ್ರತಿ ಹೆಸರಿಗೂ ಒಂದು ನಮೂನೆ. ಹಳೆಯ ನಕ್ಷೆಯ ಕಾಗುಣಿತ, ಜನರ ಬಾಯಲ್ಲಿರುವ ರೂಪ, ಹೆಸರು ಬಂದ ಬಗೆ, ಹೇಳಿದ ಮೂವರ ವಿವರ, ಕೊನೆಯಲ್ಲಿ ಷರಾ. ಮೂವರೂ ಬೇರೆ ಬೇರೆ ಊರಿನವರಾಗಿರಬೇಕು. ಇನ್ನೊಂದು ಮುಖ್ಯ ನಿಯಮವಿದೆ: ಕೇಳುವವರು ಹೆಸರನ್ನು ತಾವೇ ಮೊದಲು ಉಚ್ಚರಿಸಬಾರದು. ಬೆರಳು ತೋರಿಸಿ, “ಅದಕ್ಕ ಏನಂತೀರಿ?” ಎಂದು ಕೇಳಿ ಸುಮ್ಮನಿರಬೇಕು. ತರಬೇತಿಯಲ್ಲಿ ಇದನ್ನು ನಾನೇ ಹೊಸಬರಿಗೆ ಹೇಳಿಕೊಟ್ಟಿದ್ದೇನೆ.

ನನ್ನ ಹಾಳೆಯಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಕೊನೆಗೆ ಉಳಿದದ್ದು ಈ ಶಿಖರ. ಹೊಸಪೇಟೆ ದಾಟಿ ಪಾಪಿನಾಯಕನಹಳ್ಳಿಯ ಕಡೆ ಹೊರಟರೆ ಬಲಕ್ಕೆ ಸಂಡೂರಿನ ಸಾಲು ಕಾಣುತ್ತದೆ. ಆ ಸಾಲಿನ ನಡುವೆ ಎತ್ತಿನ ಹಿಣಿಲಿನ ಹಾಗೆ ಎದ್ದು ನಿಂತದ್ದೇ ಅದು. ದಿನವೂ ನೋಡುವ ಗುಡ್ಡ. ಇಂಗ್ಲಿಷರ ಹೆಸರು ಎಂಬುದು ನೋಡಿದರೇ ಗೊತ್ತಾಗುತ್ತದೆ ಎಂದುಕೊಂಡೆ. ಬೇಗ ಮುಗಿಸಿಬಿಡುವ ಆತುರವೂ ಇತ್ತು.

ಪಾಪಿನಾಯಕನಹಳ್ಳಿಯ ಹತ್ತಿರ ಮೆಕ್ಕೆಜೋಳದಲ್ಲಿ ಕಳೆ ತೆಗೆಯುತ್ತಿದ್ದ ರೈತರೊಬ್ಬರನ್ನು ಜೀಪಿನಿಂದ ಇಳಿಯದೆಯೇ ಕೇಳಿದೆ.

“ಯಜಮಾನ್ರ, ಆ ಕೂಗನ್ ಗುಡ್ಡ ಅದಾ ಅಲ್ರಿ?”

ಅವರು ಸೊಂಟ ನೆಟ್ಟಗೆ ಮಾಡಿ ನೋಡಿದರು. “ಹೌದ್ರಿ, ಕೂಗ್ನ ಗುಡ್ಡ. ಯಾಕ್ರಿ?”

“ಸುಮ್ನ ಕೇಳಿದ್ನಿರಿ” ಎಂದು ಅವರ ಹೆಸರು ಬರೆದುಕೊಂಡೆ.

ಎರಡನೆಯವರು ಕಡ್ಡಿರಾಂಪುರದ ಹೋಂಸ್ಟೇ ಮಾಲೀಕರು. ಹಂಪಿಗೆ ಬಂದ ಪ್ರವಾಸಿಗರನ್ನು ಸಂಡೂರಿನ ಗುಡ್ಡಗಳಿಗೂ ಕರೆದೊಯ್ಯುವವರು. ಅವರ ಬಾಗಿಲಲ್ಲೇ ‘ಕೂಗನ್ ಪೀಕ್ ಟ್ರೆಕ್’ ಎಂಬ ಬಣ್ಣದ ಬೋರ್ಡು ನೇತಾಡುತ್ತಿತ್ತು. ಕುರ್ಚಿ ಹಾಕಿ, ಚಹಾ ಕೊಟ್ಟು ಕಥೆ ಹೇಳಿದರು. “ಕೂಗನ್ ಅಂತ ಒಬ್ಬ ಸಾಹೇಬ ಇದ್ನಂತ್ರಿ ಮೇಡಂ. ಚಿರತಿ ಬೇಟಿಗೆ ಅಂತ ಮ್ಯಾಲ ಹೋದಾಂವ ಕಾಲು ಜಾರಿ ಬಿದ್ದು ಸತ್ತ. ಅಂವನ ಹೆಸರ ಉಳೀತು. ಫಾರಿನ್ನಿನವ್ರು ಈ ಕಥಿ ಭಾಳ ಇಷ್ಟಪಡ್ತಾರ.”

ಮೂರನೆಯವರು ಕುರೆಕುಪ್ಪದಲ್ಲಿ ನೆಲೆಸಿರುವ ನಿವೃತ್ತ ಗಣಿ ಸೂಪರ್‌ವೈಸರ್. “ನಾ ಕೆಲಸಕ್ಕ ಸೇರಿದಾಗಿಂದ ನಮ್ಮ ಡ್ರಾಯಿಂಗಿನಾಗ ಎಲ್ಲಾ ಕೂಗನ್ ಅಂತಾನ ಐತ್ರಿ” ಎಂದರು.

ಮೂರು ಊರು, ಮೂವರು ಸಾಕ್ಷಿ. ನಮೂನೆಯಲ್ಲಿ ‘ಕೂಗನ್ ಶಿಖರ’ ಎಂದು ಬರೆದೆ. ಹೆಸರು ಬಂದ ಬಗೆ: ಇಂಗ್ಲಿಷ್ ಅಧಿಕಾರಿಯೊಬ್ಬನಿಂದ. ನಮ್ಮ ಹಿರಿಯ ಅಧಿಕಾರಿ ಕನ್ನಡಕ ಏರಿಸಿ ಓದಿ ಸಹಿ ಮಾಡಿದರು. ಹೆಸರಿನ ಕೆಲಸ ಮುಗಿಯಿತು. ಶಿಖರದ ಮೇಲೆ ಹಿಂದಿನವರು ನೆಟ್ಟಿದ್ದ ಎತ್ತರದ ಗುರುತಿನ ಕಲ್ಲು ಇನ್ನೂ ಇದೆಯೇ ಎಂದು ನೋಡಿ, ಅದರ ಸ್ಥಾನವನ್ನು ಹೊಸದಾಗಿ ಅಳೆದು ಬರುವುದೊಂದೇ ಬಾಕಿ.

ಮರುದಿನ ಬೆಳಿಗ್ಗೆ ನಾನು ಮತ್ತು ನಮ್ಮ ಸರ್ವೆ ಸಹಾಯಕರು ಹೊರಟೆವು. ಅವರು ಕಂಪ್ಲಿಯವರು, ನಿವೃತ್ತಿಗೆ ಎರಡು ವರ್ಷ ಉಳಿದಿದೆ. ನಾನು ಅವರನ್ನು ಅಣ್ಣಾರ ಎನ್ನುತ್ತೇನೆ. ಗುಡ್ಡದ ಬುಡದಲ್ಲಿ ಹನ್ನೊಂದು ಮನೆಗಳ ಒಂದು ಹಟ್ಟಿ. ಅಲ್ಲಿಂದಾಚೆಗೆ ಜೀಪು ಹೋಗುವುದಿಲ್ಲ. ಚಾಲಕರನ್ನು ಅಲ್ಲೇ ಬಿಟ್ಟು ಅದಿರಿನ ಹಳೆಯ ದಾರಿ ಹಿಡಿದು ಹತ್ತಿದೆವು. ಮೂರು ತಾಸಿನ ಏರು. ಮಳೆಗೆ ನೆನೆದ ಕೆಂಪು ಮಣ್ಣು ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು.

ಕಲ್ಲು ಸಿಕ್ಕಿತು. ಮೇಲೆ ಕೊರೆದ ಗುರುತು ಸವೆದಿತ್ತಾದರೂ ಅಲ್ಲಾಡಿರಲಿಲ್ಲ. ಮೂರು ಕಾಲಿನ ಸ್ಟ್ಯಾಂಡನ್ನು ಸರಿಯಾಗಿ ಅದರ ಮೇಲೆ ನಿಲ್ಲಿಸಿ, ಜಿಪಿಎಸ್ ಯಂತ್ರ ಕೂರಿಸಿ, ಕಲ್ಲಿನಿಂದ ಯಂತ್ರದವರೆಗಿನ ಎತ್ತರವನ್ನು ಟೇಪಿನಲ್ಲಿ ಮೂರು ಸಲ ಅಳೆದು ಬರೆದುಕೊಂಡೆವು. ಇನ್ನು ಎರಡು ತಾಸು ಯಂತ್ರವನ್ನು ಮುಟ್ಟುವಂತಿಲ್ಲ. ಅದು ಉಪಗ್ರಹಗಳ ಸಂಕೇತ ಹಿಡಿಯುತ್ತಾ ಕೂತಿರಬೇಕು. ಒಂದು ಕಡೆ ಸಂಡೂರಿನ ಕಣಿವೆ, ಇನ್ನೊಂದು ಕಡೆ ತುಂಗಭದ್ರೆಯ ಹಿನ್ನೀರು, ಉತ್ತರಕ್ಕೆ ಹಂಪಿಯ ಬಂಡೆಗಳು. ನಾವು ಬುತ್ತಿ ಬಿಚ್ಚಿದೆವು.

ಅರ್ಧ ಊಟವಾಗಿರಲಿಲ್ಲ, ಕಣಿವೆಯ ಕಡೆಯಿಂದ ಮಂಜು ಏರತೊಡಗಿತು. ಸಂಡೂರಿನ ಗುಡ್ಡಗಳಲ್ಲಿ ಮಳೆಗಾಲದ ಮಂಜು ಹೊಸದೇನಲ್ಲ. ಸರಿಯುತ್ತದೆ ಎಂದು ಕಾದೆವು. ಎರಡು ತಾಸು ಮುಗಿಯುವ ಹೊತ್ತಿಗೆ ಅಣ್ಣಾರು ನಾಲ್ಕು ಹೆಜ್ಜೆಯ ಆಚೆ ನಿಂತರೂ ಬರೀ ನೆರಳಿನಂತೆ ಕಾಣುತ್ತಿದ್ದರು. ಗಾಳಿಯಿಲ್ಲ. ಮಳೆಗೆ ಗಣಿಯ ಯಂತ್ರಗಳೆಲ್ಲ ನಿಂತಿದ್ದರಿಂದ ಸದ್ದೂ ಇಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

“ಇನ್ನ ಕಾಯೂದು ಬ್ಯಾಡ್ರಿ ಮೇಡಂ. ಮಳಿ ಹಿಡಕೊಂಡ್ರ ಇಳಿಯಾಕ ಆಗಂಗಿಲ್ಲ” ಎಂದರು ಅಣ್ಣಾರು.

ಸಾಮಾನು ಕಟ್ಟಿ ಹೊರಟೆವು. ನೂರು ಹೆಜ್ಜೆ ಹೋಗುವಷ್ಟರಲ್ಲಿ ಬಂದ ದಾರಿ ತಪ್ಪಿತ್ತು. ದಿಕ್ಸೂಚಿ ತೆಗೆದೆ. ಅದಿರಿನ ಗುಡ್ಡದ ಮೇಲೆ ದಿಕ್ಸೂಚಿಯನ್ನು ನಂಬುವಂತಿಲ್ಲ ಎಂದು ಗೊತ್ತಿದ್ದೂ ತೆಗೆದೆ. ನಿಂತಲ್ಲಿ ಒಂದು ಉತ್ತರ ತೋರಿಸಿದ ಮುಳ್ಳು, ಎರಡು ಹೆಜ್ಜೆ ಸರಿದರೆ ಇನ್ನೊಂದು ಉತ್ತರ ತೋರಿಸುತ್ತಿತ್ತು. ಕಾಲಡಿಯ ಕಬ್ಬಿಣ ಅದನ್ನು ಎಳೆದಾಡುತ್ತಿತ್ತು. ಕೈಯಲ್ಲಿದ್ದ ಚಿಕ್ಕ ಜಿಪಿಎಸ್ ನಾವು ಎಲ್ಲಿದ್ದೇವೆಂದು ಸರಿಯಾಗಿಯೇ ಹೇಳುತ್ತಿತ್ತು. ಆದರೆ ಹತ್ತುವಾಗ ದಾರಿಯನ್ನು ಅದರಲ್ಲಿ ದಾಖಲಿಸುತ್ತಾ ಬರಬೇಕಿತ್ತು. ಸುಲಭದ ಗುಡ್ಡವೆಂದು ನಾನು ಆ ದಾಖಲೆಯನ್ನು ಶುರು ಮಾಡಿರಲಿಲ್ಲ. ಈಗ ಅದು ಜೀಪು ನಿಂತ ಜಾಗಕ್ಕೆ ಒಂದು ನೇರ ಗೆರೆ ಎಳೆದು ತೋರಿಸುತ್ತಿತ್ತು. ನಕ್ಷೆಯ ಪ್ರಕಾರ ಆ ಗೆರೆಯುದ್ದಕ್ಕೂ ಇದ್ದದ್ದು ಸಾಧಾರಣ ಇಳಿಜಾರು. ನಾನು ಆ ಗೆರೆಯನ್ನು ಹಿಡಿದೆ.

ಸ್ವಲ್ಪ ದೂರದಲ್ಲೇ ಅಣ್ಣಾರು ಜಾರಿ ಕೂತರು. ಮೊಣಕಾಲು ತಿರುಚಿತ್ತು. ಎದ್ದು ನಿಂತರು, ಆದರೆ ಮುಖ ಬಿಳಿಚಿಕೊಂಡಿತ್ತು. ಯಂತ್ರದ ಚೀಲವನ್ನೂ ನಾನೇ ಹೊತ್ತು, ಅವರ ತೋಳು ಹಿಡಿದು ನಡೆಸತೊಡಗಿದೆ. ಆಗ ನನಗೆ ಹೆದರಿಕೆಯಾಯಿತು. ಹೆದರಿಕೆಗೇ ಇರಬೇಕು, ಗಂಟಲು ಹರಿಯುವಂತೆ ಕೂಗಿದೆ.

“ಯಾರಾದ್ರೂ ಅದೀರೇನ್ರೀ!”

ಏನೂ ಇಲ್ಲ. ಮತ್ತೆ ಕೂಗಿದೆ. ಮತ್ತೆ. ಆಮೇಲೆ ಕೆಳಗಿನಿಂದ, ಎಲ್ಲಿಂದ ಎಂದು ಹೇಳಲಾಗದ ಹಾಗೆ, ಉದ್ದನೆಯ ಒಂದು ಕೂಗು ಬಂತು. ಮಾತಲ್ಲ. “ಕೂ” ಎಂಬ ಒಂದೇ ಸ್ವರ, ಹೆಂಗಸಿನ ದನಿ, ಉಸಿರು ಇರುವವರೆಗೂ ಎಳೆದದ್ದು. ಅಣ್ಣಾರು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ನಾನೂ ಹಾಗೆಯೇ ಕೂಗಿ ಉತ್ತರ ಕೊಟ್ಟೆ. ಆ ಕಡೆಯಿಂದ ಮತ್ತೆ ಉದ್ದನೆಯ ಕೂಗು. ದನಿ ಬಂದ ದಿಕ್ಕಿಗೆ ನಡೆದೆವು. ಹೀಗೆ ಐದಾರು ಸಲ ಆಗಿರಬೇಕು. ಆಮೇಲೆ ದನಿ ಬದಲಾಯಿತು. ಗಿಡ್ಡಗೆ, ಒಂದರ ಹಿಂದೊಂದು ಎರಡು ಸಲ: “ಕೂ, ಕೂ.”

ಅದರ ಅರ್ಥ ನಮಗೆ ತಿಳಿಯಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟೆವು.

“ನಿಂದ್ರೀ! ಅಲ್ಲೇ ನಿಂದ್ರೀ! ಮುಂದ ಕಾಲಿಡಬ್ಯಾಡ್ರೀ!”

ನಿಂತೆವು. ಅಣ್ಣಾರ ಕಾಲಿಗೆ ತಾಕಿದ ಒಂದು ಕಲ್ಲು ಮುಂದಕ್ಕೆ ಉರುಳಿ ಮಾಯವಾಯಿತು. ಅದು ಬಿದ್ದ ಸದ್ದು ಕೇಳಲು ನಾವು ಕಾಯಬೇಕಾಯಿತು. ತಳದಲ್ಲಿ ನೀರಿತ್ತು. ಯಾವ ಕಾಲದಲ್ಲೋ ಅದಿರು ತೆಗೆದು ಬಿಟ್ಟುಹೋದ ಗುಂಡಿ ಅದು. ನಕ್ಷೆ ಬರೆದ ಮೇಲೆ ತೋಡಿದ್ದು, ಹಾಗಾಗಿ ನಮ್ಮ ನಕ್ಷೆಯಲ್ಲಿ ಇರಲಿಲ್ಲ. ನನ್ನ ಕೈಯಲ್ಲಿದ್ದ ಯಂತ್ರದ ಗೆರೆ ನೇರವಾಗಿ ಅದರ ಮೇಲೆಯೇ ಹಾದುಹೋಗಿತ್ತು.

“ನಾ ಬರೂತನ ಕುಂದರ್ರಿ. ಕುಂತು ಕೂಗ್ರಿ.”

ಕೂತೆವು. ಕೂಗುತ್ತಲೇ ಇದ್ದೆವು. ಸುಮಾರು ಅರ್ಧ ಗಂಟೆಯ ಮೇಲೆ ಮಂಜಿನೊಳಗಿಂದ ಕರಿ ಕಂಬಳಿ ಹೊದ್ದ ಒಬ್ಬ ಹೆಂಗಸು ಹೊರಬಂದರು. ಅರವತ್ತರ ಮೇಲಿನ ವಯಸ್ಸು, ಬರಿಗಾಲು. ನಮ್ಮನ್ನು ನೋಡಿ ಮೊದಲು ಕೇಳಿದ್ದು, “ಇಬ್ರೇ ಅದೀರೇನು? ಇನ್ಯಾರೂ ಇಲ್ಲಲ್ಲ ಮ್ಯಾಲ?”

“ಇಬ್ರೇ ಅವ್ವಾ.”

“ಹಂಗಾರ ನಡ್ರಿ.” ಅಣ್ಣಾರ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. ಅಣ್ಣಾರು ಸಂಕೋಚಪಟ್ಟು ಹಿಂಜರಿದರೆ, “ನಾಚಿಕಿ ಮನ್ಯಾಗ ಇಟ್ಕೊಳ್ರಿ, ಈಗ ಕಾಲು ನೋಡಿ ಇಡ್ರಿ” ಎಂದರು. ಆ ಇಳಿಜಾರಿನಲ್ಲಿ ಅವರು ಒಂದು ಸಲವೂ ತಡವರಿಸಲಿಲ್ಲ. ಬಂಡೆಗಳನ್ನು ಅಂಗೈಯಿಂದ ಮುಟ್ಟಿ ನೋಡಿ ದಾರಿ ಹೇಳುತ್ತಿದ್ದರು. ಹಟ್ಟಿ ತಲುಪುವ ಹೊತ್ತಿಗೆ ನಾಲ್ಕು ಗಂಟೆ. ನಮ್ಮ ಚಾಲಕರು ಜೀಪಿನ ಸುತ್ತ ತಿರುಗಿ ತಿರುಗಿ ಸೋತು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

ಆ ಹೆಂಗಸಿನ ಮನೆಯ ಒಲೆ ಆರಿತ್ತು. ಪಕ್ಕದಲ್ಲಿ ಅರ್ಧ ಬೆಂದ ಸಜ್ಜೆ ರೊಟ್ಟಿಯೊಂದು ಹಂಚಿನ ಸಮೇತ ಕೆಳಗಿಳಿದಿತ್ತು. ಪರಾತದಲ್ಲಿ ನಾದಿಟ್ಟ ಹಿಟ್ಟು ಮೇಲೆಲ್ಲ ಒಣಗಿ ಬಿರಿದಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಅವರ ಸೊಸೆ ನಕ್ಕಳು. “ಕೂಗು ಕೇಳಿಸ್ತಲ್ರಿ, ನಮ್ಮತ್ತಿ ಹಂಗಾ ಇಳಿಸಿ ಓಡಿದ್ರು. ನಮ್ಮ ಹಟ್ಯಾಗ ಅದಾ ಪದ್ಧತಿ. ಗುಡ್ಡದಿಂದ ಕೂಗು ಬಂದ್ರ ಒಲಿ ಮ್ಯಾಲ ಏನಿದ್ರೂ ಇಳಿಸಿ ಹೊರಗ ಬರಬೇಕು.”

ಅಣ್ಣಾರ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಇಟ್ಟು ಶಾಖ ಕೊಟ್ಟರು. ನನಗೆ ಬೆಲ್ಲದ ಚಹಾ ಬಂತು. ಚಹಾ ಕುಡಿಯುತ್ತಾ ಬಾಗಿಲಾಚೆ ನೋಡಿದೆ. ಮಂಜು ಸ್ವಲ್ಪ ಹರಿದು ಗುಡ್ಡದ ನೆತ್ತಿ ಕಾಣುತ್ತಿತ್ತು. ನನಗೆ ಏನೋ ಹೊಳೆದಂತಾಯಿತು. ಬೆರಳು ತೋರಿಸಿ, ಕೇಳಬೇಕಾದ ರೀತಿಯಲ್ಲಿ ಅವತ್ತು ಮೊದಲ ಸಲ ಕೇಳಿದೆ.

“ಅವ್ವಾ, ಅದಕ್ಕ ಏನಂತೀರಿ?”

“ಕೂಗ್ನ ಗುಡ್ಡ.”

“ಕೂಗನ್…”

“ಕೂಗ್ನ. ಕೂಗು, ಕೂಗು! ಈಗ ನೀವು ಮ್ಯಾಲ ಏನು ಮಾಡಿದ್ರಿ? ಅದಾ. ಕೂಗಿನ ಗುಡ್ಡ.”

ಮೆಕ್ಕೆಜೋಳದ ಹೊಲದ ರೈತರೂ ನನಗೆ ಇದನ್ನೇ ಹೇಳಿದ್ದರು. “ಕೂಗ್ನ ಗುಡ್ಡ” ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಮೊದಲೇ ‘ಕೂಗನ್’ ಎಂದು ಬಾಯಿಬಿಟ್ಟಿದ್ದರಿಂದ ಅದೇ ನನಗೆ ಕೇಳಿಸಿತ್ತು.

ಅವ್ವ ರೊಟ್ಟಿ ಬಡಿಯುತ್ತಾ ಹೇಳಿದರು. ಹಿಂದೆ ಸಂಡೂರಿನ ಕಡೆಯಿಂದ ಹೊಸಪೇಟೆಯ ಸಂತೆಗೆ ಹೋಗುವವರು, ಈ ಕಡೆಯಿಂದ ಆ ಕಡೆಗೆ ಕೂಲಿಗೆ ಹೋಗುವವರು ಈ ಗುಡ್ಡದ ಪಕ್ಕದ ದಾರಿಯಲ್ಲೇ ದಾಟುತ್ತಿದ್ದರಂತೆ. ಮಂಜಿನಲ್ಲಿ ಸಿಕ್ಕವರು ನೆತ್ತಿಗೆ ಹತ್ತಿ ಕೂಗಬೇಕು. ಎರಡೂ ಬುಡಗಳ ಹಟ್ಟಿಯವರು ಕೇಳಿಸಿಕೊಂಡು ಉತ್ತರ ಕೊಡಬೇಕು. ಉದ್ದಗೆ ಕೂಗಿದರೆ ‘ಬಾ’. ಗಿಡ್ಡಗೆ ಎರಡು ಸಲ ಕೂಗಿದರೆ ‘ನಿಲ್ಲು’. ನಮ್ಮ ದನಿ ಗುಂಡಿಯ ಕಡೆ ಸರಿದದ್ದು ಕೇಳಿಯೇ ಅವರು ಹಾಗೆ ಕೂಗಿದ್ದರಂತೆ.

“ನನಗ ಕಲಿಸಿದಾಕಿ ನಮ್ಮತ್ತಿ. ನಾ ಮದುವಿ ಆಗಿ ಬಂದ ಹೊಸದರಾಗ ದನಿ ಏಳತಿದ್ದಿಲ್ಲ, ನಾಚಿಕಿ. ನಮ್ಮತ್ತಿ ಅಂದ್ಲು, ಮ್ಯಾಲ ಸಿಕ್ಕಾಂವ ನಿನ್ನ ಗಂಡ ಅಂತ ತಿಳಕೊಂಡು ಕೂಗು ಅಂದ್ಲು. ಒಂದು ವರ್ಷ ಖರೇನಾ ನನ್ನ ಗಂಡನಾ ಸಿಕ್ಕಿದ್ದ.” ಅವರು ನಕ್ಕರು. “ಇಳದು ಬಂದ. ಇನ್ನೂ ಇಪ್ಪತ್ತು ವರ್ಷ ಬಾಳಿದ.”

“ಈಗಲೂ ಯಾರಾದ್ರೂ ಕೂಗ್ತಾರೇನವ್ವಾ?”

“ಈಗ ಯಾರು ನಡೀತಾರ? ಮಷಿನ್ ಇದ್ರ ಕೂಗಿದ್ರೂ ಕೇಳಂಗಿಲ್ಲ. ಇವತ್ತ ಮಳಿಗೆ ನಿಂತಿದ್ವು. ನಿಮ್ಮ ಪುಣ್ಯ.”

ಜೀಪಿನಲ್ಲಿ ಹೊಸಪೇಟೆಗೆ ಮರಳುವಾಗ ನನ್ನ ತಲೆಯಲ್ಲಿ ಎರಡೇ ಇದ್ದವು. ನೀರು ತುಂಬಿದ ಆ ಗುಂಡಿ ಮತ್ತು ಸಹಿ ಮಾಡಿದ ಆ ನಮೂನೆ. ಈ ಹೆಂಗಸು ಪ್ರತಿ ಮಳೆಗಾಲ ಕಾದು ಕೂಗಿದ ಗುಡ್ಡಕ್ಕೆ, ಇದ್ದನೋ ಇಲ್ಲವೋ ತಿಳಿಯದ ಒಬ್ಬ ಸಾಹೇಬನ ಹೆಸರನ್ನು ನಾನು ಕನ್ನಡದಲ್ಲಿ ಕಾಯಂ ಮಾಡಿ ಬಂದಿದ್ದೆ.

ಮರುದಿನ ಹಿರಿಯ ಅಧಿಕಾರಿಯ ಮುಂದೆ ನಿಂತೆ. ಮೊದಲು ಅವರು ಅಣ್ಣಾರ ಮೊಣಕಾಲಿನ ಬಗ್ಗೆ ಕೇಳಿದರು. ಆಮೇಲೆ ದಾರಿ ದಾಖಲಿಸದೆ ಹತ್ತಿದ್ದಕ್ಕೆ ನನ್ನನ್ನು ಚೆನ್ನಾಗಿಯೇ ಬೈದರು. ಬೈಸಿಕೊಂಡು ಹೆಸರಿನ ವಿಷಯ ತೆಗೆದೆ.

“ನೀವೇ ಸಹಿ ಮಾಡಿ ಕೊಟ್ಟಿದ್ದೀರಿ. ಮೂವರು ಸಾಕ್ಷಿ ಇದ್ದಾರೆ. ಈಗ ಒಬ್ಬ ಹೆಣ್ಣುಮಗಳು ಹೇಳಿದ್ದಕ್ಕೆ ಬದಲಾಯಿಸಬೇಕಾ?”

“ಆ ಮೂವರಲ್ಲಿ ಇಬ್ಬರು ನಮ್ಮ ನಕ್ಷೆಯನ್ನೇ ಓದಿ ಹೇಳಿದವರು ಸರ್. ಗಣಿಯ ಡ್ರಾಯಿಂಗ್ ನಮ್ಮ ಹಾಳೆಯಿಂದ ನಕಲಾದದ್ದು. ಹೋಂಸ್ಟೇಯವರ ಬೋರ್ಡೂ ಅಲ್ಲಿಂದಲೇ ಬಂದಿರಬೇಕು. ಉಳಿದ ಒಬ್ಬರು, ಆ ರೈತರು, ಸರಿಯಾಗಿಯೇ ಹೇಳಿದರು, ನಾನು ತಪ್ಪಾಗಿ ಬರೆದೆ.”

“ಅದು ನಿಮ್ಮ ಊಹೆ. ನಕ್ಷೆ ನೋಡದವರು ಮೂವರು ಬೇಕು. ಗುಡ್ಡದ ಎರಡೂ ಕಡೆಯವರಿರಬೇಕು. ಸೋಮವಾರ ಹಾಳೆ ಅಚ್ಚಿಗೆ ಹೋಗುತ್ತದೆ.” ಅವತ್ತು ಬುಧವಾರ. ನಾನು ತಿರುಗಿ ಹೊರಟಾಗ ಅವರು ಅಂದರು, “ಜೀಪು ತೆಗೆದುಕೊಂಡು ಹೋಗಿ. ನನ್ನ ತಪಾಸಣೆ ಮುಂದಿನ ವಾರಕ್ಕಿರಲಿ.”

ಅಷ್ಟು ಸಾಕಾಗಿತ್ತು. ಗುರುವಾರ ಪಾಪಿನಾಯಕನಹಳ್ಳಿಯ ರೈತರನ್ನು ಹುಡುಕಿ, ಈ ಸಲ ಜೀಪಿನಿಂದ ಇಳಿದು, ಅವರ ಬದುವಿನ ಮೇಲೆ ಕೂತು ಮಾತಾಡಿಸಿದೆ. “ಅವತ್ತಾ ಹೇಳಿದ್ನೆಲ್ರಿ, ಕೂಗ್ನ ಗುಡ್ಡ ಅಂತ. ಕೂಗಿದ್ರ ಕೇಳತಿತ್ತಂತ, ನಮ್ಮಜ್ಜ ಅಂತಿದ್ದ” ಎಂದರು. ಅವ್ವ ಮತ್ತು ರೈತರು, ಇಬ್ಬರಾದರು. ಇಬ್ಬರೂ ಗುಡ್ಡದ ಈ ಕಡೆಯವರೇ.

ಶುಕ್ರವಾರ ಇಡೀ ದಿನ ಸಂಡೂರಿನ ಕಡೆ ತಿರುಗಿದೆ. ಅಲ್ಲಿ ಕೆಲಸ ಕೆಟ್ಟಿತು. ಆ ಬುಡದ ಹಟ್ಟಿ ಈಗಿಲ್ಲ. ಗಣಿ ಬಂದಾಗ ಮನೆಗಳೆಲ್ಲ ಚದುರಿಹೋಗಿದ್ದವು. ಹೊಸದಾಗಿ ಬಂದು ನೆಲೆಸಿದ ಕಾರ್ಮಿಕರಿಗೆ ಗುಡ್ಡದ ಹೆಸರೇ ಗೊತ್ತಿರಲಿಲ್ಲ. ನಾನು ಬೆರಳು ತೋರಿಸಿದ್ದನ್ನು ನೋಡಿ ಚಹಾದಂಗಡಿಯವರೊಬ್ಬರು “ಗಣಿ ಗುಡ್ಡ” ಅಂದರು. ಇನ್ನೊಬ್ಬರು “ಕೂಗನ್ನೋ ಏನೋ ಐತ್ರಿ” ಅಂದರು. ಅವರ ಮೊಬೈಲಿನ ನಕ್ಷೆಯಲ್ಲೂ ಹಾಗೇ ಇತ್ತು. ಬರಿಗೈಯಲ್ಲಿ ವಾಪಸಾದೆ.

ಸಂಜೆ ಅಣ್ಣಾರ ಮೊಣಕಾಲು ಹೇಗಿದೆ ಎಂದು ಕೇಳಲು ಕಂಪ್ಲಿಗೆ ಫೋನ್ ಮಾಡಿದೆ. ಗುಡ್ಡದ ಆ ಕಡೆಯವರು ಯಾರೂ ಸಿಗಲಿಲ್ಲ ಎಂದೂ ಹೇಳಿಕೊಂಡೆ. ಅವರು ಯಾರನ್ನೋ ಕೂಗಿ ವಿಚಾರಿಸಿದರು. ಅವರ ಹೆಂಡತಿಯ ದನಿ ಕೇಳಿಸಿತು. ಮತ್ತೆ ಫೋನಿಗೆ ಬಂದು, “ಮೇಡಂ, ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಅದಾಳಂತ್ರಿ, ಸಂಡೂರ ಕಡಿ ಗುಡ್ಡದ ಬುಡದಾಕಿ. ನಲವತ್ತು ವರ್ಷ ಆತು ಇಲ್ಲಿಗೆ ಕೊಟ್ಟು. ನಾಳಿಗೆ ಬರ್ರಿ” ಎಂದರು.

ಶನಿವಾರ ಕಂಪ್ಲಿ. ಗದ್ದೆಗಳ ಆಚೆ ರೈಸ್‌ಮಿಲ್ಲಿನ ಚಿಮಣಿ, ಬೀದಿಯ ತುಂಬ ಭತ್ತದ ಹೊಟ್ಟಿನ ವಾಸನೆ. ಅಜ್ಜಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದರು. ಅಣ್ಣಾರು ಕೋಲೂರಿಕೊಂಡು ಜೊತೆಗೆ ಬಂದಿದ್ದರು. ಏನೂ ಹೇಳಬಾರದು ಎಂದು ಅವರಿಗೆ ಮೊದಲೇ ಸೂಚಿಸಿದ್ದೆ. ಅಲ್ಲಿಂದ ಗುಡ್ಡ ಕಾಣುವುದಿಲ್ಲ. ಬೆರಳು ತೋರಿಸಲು ಏನೂ ಇರಲಿಲ್ಲ. ಹಾಗಾಗಿ ಬೇರೆ ಕಡೆಯಿಂದ ಶುರು ಮಾಡಿದೆ.

“ಅಜ್ಜಿ, ನಿಮ್ಮ ತವರೂರಿನ ಹಿಂದ ಒಂದು ಎತ್ತರದ ಗುಡ್ಡ ಇತ್ತಲ್ಲ…”

“ಹಟ್ಟಿ ಹೋತಲ್ಲವಾ. ಗುಡ್ಡ ಐತೇನು ಇನ್ನೂ?”

“ಐತ್ರಿ. ಅದಕ್ಕ ಏನಂತಿದ್ರಿ?”

ಅವರು ಮೊರ ಕೆಳಗಿಟ್ಟರು. “ಕೂಗಿನ ಗುಡ್ಡ.” ತಾವೇ ಮುಂದುವರಿಸಿದರು. “ನಮ್ಮವ್ವ ಕೂಗತಿದ್ಲು. ಮಂಜು ಬಿದ್ರ ಕೂಗಬೇಕಲ್ಲ, ದಾಟೋರು ಇರತಿದ್ರು. ಮ್ಯಾಲಿಂದ ಕೂಗಿದ್ರ ಆ ಕಡಿ ಹಟ್ಟಿಯೋರೂ ಕೂಗತಿದ್ರು, ನಾವೂ ಕೂಗತಿದ್ವಿ. ಯಾವ ದನಿ ಹತ್ರ ಐತೋ ಆ ಕಡಿ ಇಳೀತಿದ್ರು.”

“ಏನಂತ ಕೂಗತಿದ್ರಿ?”

ಅಜ್ಜಿ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಬಾಯಿಯ ಪಕ್ಕಕ್ಕೆ ಹಿಡಿದು, ಕಣ್ಣು ಮುಚ್ಚಿ ಕೂಗಿದರು. ಅದೇ ಸ್ವರ. ಉಸಿರು ಇರುವವರೆಗೂ ಎಳೆದರು. ಓಣಿಯ ಬಾಗಿಲುಗಳೆಲ್ಲ ತೆರೆದವು. ಎದುರುಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, “ಏನಾತಬೇ ಅತ್ತೀ?” ಎಂದು ಕೇಳಿದಳು.

“ಏನಿಲ್ಲ ಬಿಡು, ನಮ್ಮೂರು ನೆನಪಾತು” ಎಂದರು ಅಜ್ಜಿ. ನನ್ನ ಕಡೆ ತಿರುಗಿ, “ಇದು ಬಾ ಅಂತ. ಗಿಡ್ಡಕ ಎರಡು ಕೂಗಿದ್ರ ನಿಲ್ಲು ಅಂತ” ಎಂದರು.

ಎರಡು ಗಿಡ್ಡ ಕೂಗಿನ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಅಣ್ಣಾರೂ ಹೇಳಿರಲಿಲ್ಲ. ಗುಡ್ಡದ ಆ ಕಡೆ ಹುಟ್ಟಿ ನಲವತ್ತು ವರ್ಷದಿಂದ ಕಂಪ್ಲಿಯಲ್ಲಿರುವ ಈ ಅಜ್ಜಿ, ಈ ಕಡೆಯ ಹಟ್ಟಿಯ ಅವ್ವನನ್ನು ಒಂದು ದಿನವೂ ನೋಡಿದವರಲ್ಲ. ಅಂಥದೊಂದು ಸಾಕ್ಷಿ ನನ್ನ ಕೆಲಸದಲ್ಲಿ ಮತ್ತೆ ಸಿಕ್ಕಿಲ್ಲ.

ಹೊಸಪೇಟೆಗೆ ಬಂದವಳು ಅಂದೇ ಕಡ್ಡಿರಾಂಪುರಕ್ಕೂ ಹೋಗಿ ಹೋಂಸ್ಟೇ ಮಾಲೀಕರಿಗೆ ವಿಷಯ ಹೇಳಿದೆ. ಸಾಹೇಬನ ಕಥೆ ಅವರಿಗೆ ಯಾರಿಂದ ಬಂತು ಎಂಬುದು ನನ್ನ ವರದಿಗೆ ಬೇಕಿತ್ತು. ಅವರು ತಲೆ ಕೆರೆದುಕೊಂಡರು.

“ಖರೇ ಹೇಳ್ಲೇನ್ರಿ ಮೇಡಂ? ಹೆಸರು ಮೊಬೈಲಿನಾಗ ನೋಡಿದ್ದು. ಸಾಹೇಬ ಅಂತ ನಾನಾ ಅಂದ್ಕೊಂಡೆ. ಚಿರತಿ ಮಾತ್ರ ಆಮ್ಯಾಲ ಸೇರಿಸಿದ್ದು.”

“ಬಿದ್ದು ಸತ್ತದ್ದು?”

“ಅದನ್ನ ಗೆಸ್ಟ್ ಒಬ್ರು ಕೇಳಿದ್ರು, ಆಮ್ಯಾಲ ಏನಾತು ಅಂತ. ಏನಾರ ಹೇಳಬೇಕಲ್ರಿ.”

ಇಬ್ಬರೂ ನಕ್ಕುಬಿಟ್ಟೆವು. ಅಷ್ಟು ನೇರವಾಗಿ ಒಪ್ಪಿಕೊಂಡದ್ದಕ್ಕೆ ಅವರ ಮೇಲೆ ಗೌರವವೂ ಬಂತು. ಅವರ ಮಾತು ಕೇಳಿದ ಮೇಲೆ ನಾನೂ ಏನು ಮಾಡಬೇಕು ಎಂಬುದು ಸ್ಪಷ್ಟವಾಯಿತು. ಭಾನುವಾರ ಕಚೇರಿಯಲ್ಲಿ ಕೂತು ಹೊಸ ನಮೂನೆ ತುಂಬಿದೆ. ಹೆಸರು: ಕೂಗಿನ ಗುಡ್ಡ. ಮೂವರ ವಿವರ. ಕೊನೆಗೆ ಷರಾ. ಅಲ್ಲಿ ಸಾಮಾನ್ಯವಾಗಿ ‘ಮರು ವಿಚಾರಣೆಯಂತೆ ತಿದ್ದಲಾಗಿದೆ’ ಎಂದು ಒಂದು ಸಾಲು ಬರೆದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಬಡ್ತಿಯ ಪಟ್ಟಿ ಆ ವರ್ಷವೇ ಇತ್ತು. ಕೊನೆಗೆ ಹೀಗೆ ಬರೆದೆ: ‘ಮೊದಲ ವಿಚಾರಣೆಯಲ್ಲಿ ನಾನು ನಿಯಮ ಮೀರಿ ಹೆಸರನ್ನು ಮೊದಲೇ ಉಚ್ಚರಿಸಿದ್ದರಿಂದ ತಪ್ಪಾಗಿದೆ. ಸಾಕ್ಷಿ ಹೇಳಿದವರ ತಪ್ಪಲ್ಲ.’

ಸೋಮವಾರ ಬೆಳಿಗ್ಗೆ ಹಿರಿಯ ಅಧಿಕಾರಿ ಅದನ್ನು ಎರಡು ಸಲ ಓದಿದರು.

“ಇಷ್ಟು ಬಿಡಿಸಿ ಬರೆಯುವುದು ಬೇಕಿರಲಿಲ್ಲ.”

“ಮುಂದೆ ಯಾರಾದರೂ ಎರಡು ನಮೂನೆಯನ್ನೂ ನೋಡಿದರೆ ಯಾವುದನ್ನು ನಂಬಬೇಕು ಎಂದು ಗೊತ್ತಾಗಬೇಕಲ್ಲ ಸರ್.”

ಅವರು ಸಹಿ ಹಾಕಿ, ತಾವೇ ಎದ್ದು ಹೋಗಿ ಅಚ್ಚಿನ ವಿಭಾಗದವರಿಗೆ ಹಾಳೆ ತಡೆಹಿಡಿಯಲು ಹೇಳಿ ಬಂದರು. ನಕ್ಷೆಯಲ್ಲಿ ಇಲ್ಲದ ಆ ಗುಂಡಿಯನ್ನೂ ಗುರುತಿಸಿಕೊಂಡು ಬರಲು ಅದೇ ವಾರ ಒಂದು ತಂಡವನ್ನು ಕಳಿಸಿದರು. ಆ ವರ್ಷದ ಬಡ್ತಿ ನನಗೆ ಬರಲಿಲ್ಲ. ಈ ಷರಾದಿಂದಲೋ ಬೇರೆ ಕಾರಣದಿಂದಲೋ ನಾನು ವಿಚಾರಿಸಲಿಲ್ಲ.

ಹಾಳೆ ಅಚ್ಚಾಗಿ ಬರುವ ಹೊತ್ತಿಗೆ ಚಳಿ ಶುರುವಾಗಿತ್ತು. ಒಂದು ಪ್ರತಿಯನ್ನು ಅಣ್ಣಾರು ಕಂಪ್ಲಿಯ ಅಜ್ಜಿಗೆ ಕೊಟ್ಟರು. ಇನ್ನೊಂದನ್ನು ಸುತ್ತಿಕೊಂಡು ನಾನು ಹಟ್ಟಿಗೆ ಹೋದೆ. ಅವ್ವ ಆಡುಗಳಿಗೆ ಸೊಪ್ಪು ಹಾಕುತ್ತಿದ್ದರು. ನೆಲದ ಮೇಲೆ ನಕ್ಷೆ ಬಿಡಿಸಿ, ನಾಲ್ಕು ಮೂಲೆಗೆ ಕಲ್ಲಿಟ್ಟೆ. ಹಟ್ಟಿಯ ಹೆಂಗಸರೆಲ್ಲ ಸುತ್ತ ಕೂತರು. ಅವ್ವನಿಗೆ ಓದಲು ಬಾರದು. ಅವರ ಬೆರಳು ಹಿಡಿದು ಅಕ್ಷರಗಳ ಮೇಲೆ ಇಟ್ಟು, “ಕೂಗಿನ ಗುಡ್ಡ” ಎಂದು ಓದಿದೆ.

“ಇಲ್ಲಿ ಬರದೈತೇನು?”

“ಹೌದವ್ವಾ.”

“ಹೊಸಪ್ಯಾಟಿ?” ತೋರಿಸಿದೆ. “ಸಂಡೂರು? ಕಂಪ್ಲಿ?” ತೋರಿಸಿದೆ. ಅವರ ಬೆರಳು ಮತ್ತೆ ಗುಡ್ಡಕ್ಕೆ ಬಂದು, ಅಲ್ಲಿಂದ ನಿಧಾನವಾಗಿ ಕೆಳಗೆ ಇಳಿದು ಖಾಲಿ ಜಾಗದಲ್ಲಿ ನಿಂತಿತು. “ನಮ್ಮ ಹಟ್ಟಿ ಎಲ್ಲೈತಿ?”

ನಾನು ಆವರೆಗೆ ಅದನ್ನು ನೋಡಿಯೇ ಇರಲಿಲ್ಲ. ಹನ್ನೊಂದು ಮನೆಗಳ ಹಟ್ಟಿ ಆ ಅಳತೆಯ ನಕ್ಷೆಯಲ್ಲಿ ಬರುವುದಿಲ್ಲ. ನಿಯಮವೇ ಹಾಗಿದೆ. ನನ್ನ ಜೀವ ಉಳಿಸಿದವರ ಮನೆಯಂಗಳದಲ್ಲಿ ಕೂತು ಆ ನಿಯಮವನ್ನು ಹೇಳಬೇಕಾಯಿತು.

“ಇದರಾಗ ಬಂದಿಲ್ಲವ್ವಾ” ಎಂದೆ. “ಸಣ್ಣ ಹಟ್ಟಿ ಬರೆಯೂದಿಲ್ಲ ಇದರಾಗ. ದೊಡ್ಡ ಅಳತಿ ನಕ್ಷಾ ಮಾಡೂ ಮುಂದ ಸೇರಸಾಕ ಅರ್ಜಿ ಬರದು ಕೊಡ್ತೀನಿ. ತಪ್ಪಾತು.”

ಅವ್ವ ನನ್ನ ಮುಖ ನೋಡಿದರು. ನಕ್ಷೆಯ ಮೇಲೆ ಬಿದ್ದಿದ್ದ ಸೊಪ್ಪಿನ ಎಲೆಯೊಂದನ್ನು ಮೆಲ್ಲಗೆ ಆಚೆ ತೆಗೆದರು.

“ಇರ್ಲಿ ತಗೋ ತಾಯಿ. ಗುಡ್ಡ ಐತಲ್ಲ. ಗುಡ್ಡದ ಹೆಸರು ಗೊತ್ತಿದ್ದಾಂವ ಕೂಗ್ತಾನ. ಕೂಗಿದ್ರ ನಾವು ಇಲ್ಲೇ ಅದೀವಿ.”